ಹಿತ್ತಲ ಭಂಗಿಗೆ ಹತ್ತು ವರ್ಷ

ದಾವಣಗೆರೆಯ ಕೆ.ಬಿ. ಬಡಾವಣೆಯಂಥ ಕಡೆ ಮನೆಯ ಮುಂದೆ ಜಾಗವಿಲ್ಲದವರೂ ಮಹಡಿಯ ಮೇಲೆ ನಾಲ್ಕು ಕುಂಡ ಇಟ್ಟು ತುಳಸಿ, ದಾಸವಾಳ, ದೊಡ್ಡಪತ್ರೆ ಬೆಳೆಸುತ್ತಾರೆ. ಎಲೆ ಹಳದಿಯಾದರೆ ನೀರು ಹೆಚ್ಚಾಯಿತೋ, ಕಡಿಮೆಯಾಯಿತೋ ಎಂಬ ಚರ್ಚೆ ಕಾಂಪೌಂಡಿನ ಆಚೀಚೆ ನಡೆಯುತ್ತದೆ. ಅದೇ ಕುಂಡದಲ್ಲಿ ಬೆಳೆದದ್ದು ಭಂಗಿ ಗಿಡವಾದರೆ ನೀರಿನ ಪ್ರಶ್ನೆ ಕಾನೂನಿನ ಪ್ರಶ್ನೆಯಾಗಿ ಬಿಡುತ್ತದೆ. ಎಷ್ಟು ನೀರು ಹಾಕಿದರು ಎಂಬುದಲ್ಲ, ನೀರು ಹಾಕಿದವರು ಯಾರು ಎಂಬುದೇ ಆಗ ಮುಖ್ಯ.

ಭಂಗಿ, ಗಾಂಜಾ, ಚರಸ್ ಮೂರೂ ಒಂದೇ ಗಿಡದ ಮಕ್ಕಳು. ಎಲೆ ಭಂಗಿ, ಹೆಣ್ಣು ಗಿಡದ ಹೂಗೊಂಚಲು ಗಾಂಜಾ, ಅಂಟು ಚರಸ್. ಗೋಣಿಚೀಲದ ಸೆಣಬಿಗೂ ಇದಕ್ಕೂ ಸಂಬಂಧವಿಲ್ಲ. ಇಂದು ಈ ಗಿಡದ ಹೆಸರೆತ್ತಿದರೆ ಪೊಲೀಸ್ ಠಾಣೆ ನೆನಪಾಗುತ್ತದೆ. ಆದರೆ ನೂರು ವರ್ಷಗಳ ಹಿಂದೆ ನೆನಪಾಗುತ್ತಿದ್ದುದು ಅಬಕಾರಿ ಕಚೇರಿ. ಮೈಸೂರು ಸಂಸ್ಥಾನದ ಅಬಕಾರಿ ಆದಾಯದಲ್ಲಿ ಸಾರಾಯಿ, ಸೇಂದಿಯ ಜೊತೆಗೆ ಗಾಂಜಾ, ಅಫೀಮುಗಳ ಬಾಬೂ ಇತ್ತು. ಲೈಸೆನ್ಸ್ ಪಡೆದ ಅಂಗಡಿಯಲ್ಲಿ ಸುಂಕ ತೆತ್ತ ಗಾಂಜಾ ಮಾರುವುದು ಅಪರಾಧವಾಗಿರಲಿಲ್ಲ. ಸುಂಕ ತಪ್ಪಿಸುವುದು ಅಪರಾಧವಾಗಿತ್ತು.

ಹರಿಹರದವರಿಗೆ ಇದು ಇನ್ನೂ ವಿಚಿತ್ರವಾಗಿ ಕಂಡಿರಬೇಕು. 1956ರ ಏಕೀಕರಣಕ್ಕೆ ಮುಂಚೆ ತುಂಗಭದ್ರೆಯೇ ಇಲ್ಲಿ ಗಡಿ. ಈ ದಡದಲ್ಲಿ ಮೈಸೂರಿನ ಅಬಕಾರಿ ಕಾನೂನು, ಹೊಳೆ ದಾಟಿದರೆ ಧಾರವಾಡ ಜಿಲ್ಲೆ, ಅಲ್ಲಿ ಮುಂಬಯಿ ಸರ್ಕಾರದ 1878ರ ಅಬಕಾರಿ ಕಾಯ್ದೆ. ಗಿಡ ಒಂದೇ, ಲೆಕ್ಕ ಕೇಳುವ ಸರ್ಕಾರ ಎರಡು.

ಈ ಗಿಡವನ್ನು ಸಂಪೂರ್ಣ ನಿಷೇಧಿಸಬೇಕೆಂಬ ಕೂಗು ಮೊದಲು ಗಟ್ಟಿಯಾಗಿ ಎದ್ದದ್ದು ಲಂಡನ್ನಿನಲ್ಲಿ. 1893ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಪ್ರಶ್ನೆ ಬಂದು, ಭಾರತ ಸರ್ಕಾರ ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯಲ್ಲಿ ಆಯೋಗವೊಂದನ್ನು ನೇಮಿಸಿತು. ಆಯೋಗ 1,193 ಸಾಕ್ಷಿಗಳ ಹೇಳಿಕೆ ಪಡೆದು, ಮರುವರ್ಷ ಏಳು ಸಂಪುಟಗಳ ವರದಿ ಕೊಟ್ಟಿತು. ಹುಚ್ಚಾಸ್ಪತ್ರೆಗಳ ದಾಖಲೆಯಲ್ಲಿ 'ಗಾಂಜಾದಿಂದ ಬುದ್ಧಿಭ್ರಮಣೆ' ಎಂದು ಬರೆದಿದ್ದ ಪ್ರಕರಣಗಳನ್ನು ಕೆದಕಿ ನೋಡಿದಾಗ, ಎಷ್ಟೋ ಕಡೆ ರೋಗಿಯನ್ನು ಕರೆತಂದ ಪೊಲೀಸರ ಮಾತನ್ನೇ ಕಾರಣವೆಂದು ಬರೆದುಕೊಂಡದ್ದು ಬಯಲಾಯಿತು. ಮಿತಿಮೀರಿದ ಸೇವನೆ ಹಾನಿಕರ, ಮಿತವಾದ ಬಳಕೆಯಿಂದ ದೊಡ್ಡ ಕೇಡು ಕಾಣದು, ಪೂರ್ಣ ನಿಷೇಧ ಬೇಡ ಎಂಬುದು ಆಯೋಗದ ತೀರ್ಮಾನ. ಬದಲಿಗೆ ಸಾಕಷ್ಟು ಸುಂಕ ಹಾಕಿ, ಲೈಸೆನ್ಸ್ ಇಲ್ಲದ ಕೃಷಿ ತಡೆಯಿರಿ, ಅಂಗಡಿಗಳನ್ನು ಕಡಿಮೆ ಮಾಡಿ, ಒಬ್ಬರ ಬಳಿ ಎಷ್ಟು ಇರಬಹುದೆಂಬುದಕ್ಕೆ ಮಿತಿ ಹಾಕಿ ಎಂದಿತು.

ಬೇಸಾಯದ ವಿಷಯದಲ್ಲಿ ಆ ಕಾಲದ ವರದಿಗಳು ಸ್ವಾರಸ್ಯಕರವಾಗಿವೆ. ಬಂಗಾಳದ ನೌಗಾಂವ್ (ಈಗ ಬಾಂಗ್ಲಾದೇಶದಲ್ಲಿದೆ) ಸರ್ಕಾರಿ ಗಾಂಜಾದ ಕಣಜವಾಗಿತ್ತು. ಸಸ್ಯವಿಜ್ಞಾನಿ ಡೇವಿಡ್ ಪ್ರೇನ್ 1893ರಲ್ಲಿ ಅದರ ಬಗ್ಗೆ ವರದಿ ಬರೆದಿದ್ದರು. ಅಲ್ಲಿನ ರೈತರು ನೀರು ನಿಲ್ಲದ ಎತ್ತರದ ಹೊಲವನ್ನೇ ಆರಿಸಿ, ಏರಿ ಮಾಡಿ ಸಸಿ ನೆಡುತ್ತಿದ್ದರು. ಕಾರಣ ಸರಳ: ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ತುಂಬಿದರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರಲಾರದೆ ಎಲೆ ಜೋತುಬೀಳುತ್ತದೆ. ಅದನ್ನು ಬಾಯಾರಿಕೆ ಎಂದು ತಿಳಿದು ಮತ್ತೊಂದು ಚೊಂಬು ನೀರು ಸುರಿಯುವವರು ನೌಗಾಂವ್‌ನಲ್ಲೂ ಇದ್ದಿರಬಹುದು, ನಮ್ಮ ಬಡಾವಣೆಗಳಲ್ಲಂತೂ ಇದ್ದಾರೆ. ತಳದಲ್ಲಿ ತೂತಿಲ್ಲದ ಪ್ಲಾಸ್ಟಿಕ್ ಡಬ್ಬದಲ್ಲಿ ತುಳಸಿ ಸಾಯುವುದೂ ಹೀಗೆಯೇ. ಕುಂಬಾರರ ಮಣ್ಣಿನ ಕುಂಡ ಗೋಡೆಯ ಮೂಲಕವೇ ಒಂದಿಷ್ಟು ನೀರನ್ನು ಹೊರಬಿಟ್ಟು ಈ ತಪ್ಪನ್ನು ಅರ್ಧ ಮನ್ನಿಸುತ್ತದೆ.

ನೌಗಾಂವ್‌ನಲ್ಲಿ ಇನ್ನೊಂದು ಕಸುಬಿತ್ತು. 'ಪೊದ್ದಾರ' ಎಂಬ ಪರಿಣತ ಹೊಲದಲ್ಲಿ ಓಡಾಡಿ, ಹೂ ಅರಳುವ ಮುನ್ನ ಗಂಡು ಗಿಡಗಳನ್ನು ಗುರುತಿಸಿ ತೆಗೆಸುತ್ತಿದ್ದ. ಗಂಡು ಉಳಿದರೆ ಹೆಣ್ಣು ಗಿಡ ಬೀಜ ಕಟ್ಟಿ ಗಾಂಜಾದ ಗುಣ ಕೆಡುತ್ತದೆ. ಹಿತ್ತಲಲ್ಲಿ ತಾನಾಗಿ ಹುಟ್ಟಿದ ಒಂದೆರಡು ಗಿಡಕ್ಕೆ ಪೊದ್ದಾರನ ಆರೈಕೆ ಎಲ್ಲಿಂದ ಬರಬೇಕು? ಅದು ಬಹುಮಟ್ಟಿಗೆ ಸೊಪ್ಪಿನ ಗಿಡವಾಗಿಯೇ ಉಳಿಯುತ್ತಿತ್ತು. ಹೂವಿಗೂ ಸೊಪ್ಪಿಗೂ ಇರುವ ಈ ಅಂತರವೇ ಮುಂದೆ ಕಾನೂನಿನ ತಿರುಳಾಯಿತು.

1961ರ ಅಂತರರಾಷ್ಟ್ರೀಯ ಮಾದಕ ವಸ್ತು ಒಪ್ಪಂದಕ್ಕೆ ಭಾರತ ಸೇರಿತು. ಅದರಲ್ಲಿ 'ಕ್ಯಾನಬಿಸ್' ಎಂದರೆ ಹೂ ಅಥವಾ ಕಾಯಿ ಬಿಟ್ಟ ತುದಿಗಳು ಮಾತ್ರ. ತುದಿ ಇಲ್ಲದ ಎಲೆ ಮತ್ತು ಬೀಜ ಹೊರಗೆ. ಹಳೆಯ ಬಳಕೆ ಇದ್ದ ದೇಶಗಳಿಗೆ ಅದನ್ನು ನಿಲ್ಲಿಸಲು 25 ವರ್ಷಗಳ ಗಡುವನ್ನೂ ಕೊಟ್ಟಿತ್ತು. ಒಪ್ಪಂದ 1964ರ ಡಿಸೆಂಬರಿನಲ್ಲಿ ಜಾರಿಗೆ ಬಂದುದರಿಂದ ಗಡುವು 1989ಕ್ಕೆ. ಅದಕ್ಕೆ ನಾಲ್ಕು ವರ್ಷ ಮೊದಲೇ, 1985ರ ನವೆಂಬರ್ 14ರಂದು, ಎನ್‌ಡಿಪಿಎಸ್ ಕಾಯ್ದೆ ಜಾರಿಯಾಯಿತು. ಅಬಕಾರಿಯ ಗಿಡ ಅಂದಿನಿಂದ ಸೆರೆಮನೆಯ ಗಿಡ.

ಕಾಯ್ದೆಯಲ್ಲೊಂದು ಗಂಟಿದೆ. ಗಾಂಜಾ ಎಂದರೆ ಹೂತುದಿ, ಎಲೆಯಷ್ಟೇ ಇದ್ದರೆ ಗಾಂಜಾ ಅಲ್ಲ. 2022ರಲ್ಲಿ ಕರ್ನಾಟಕ ಹೈಕೋರ್ಟ್ 29 ಕಿಲೋ ಭಂಗಿ ಸಿಕ್ಕ ಆರೋಪಿಗೆ ಜಾಮೀನು ಕೊಡುವಾಗ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಭಂಗಿಯನ್ನು ನಿಷೇಧಿತ ಪಾನೀಯ ಎಂದು ಎಲ್ಲಿಯೂ ಹೇಳಿಲ್ಲವೆಂದು ಗಮನಿಸಿತ್ತು. ಗಾಂಜಾ ಇಟ್ಟುಕೊಂಡ ಮೊಕದ್ದಮೆಯಲ್ಲಿ 1 ಕಿಲೋವರೆಗೆ ಅಲ್ಪ ಪ್ರಮಾಣ, 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ. ಹಾಗಾಗಿ ಹಸಿ ಗಿಡವನ್ನು ಬೇರು, ಕಾಂಡ, ಎಲೆ ಸಮೇತ ತಕ್ಕಡಿಗೆ ಹಾಕಿದರೆ ತೂಗುವುದು ಗಾಂಜಾವನ್ನೋ, ನೀರನ್ನೋ ಎಂಬುದು ವಕೀಲರ ಮಾಮೂಲು ಪ್ರಶ್ನೆ.

ಆದರೆ ಬೆಳೆದವನ ಮೇಲಿನ ಮೊಕದ್ದಮೆಗೆ ಈ ತಕ್ಕಡಿ ಕೆಲಸಕ್ಕೆ ಬಾರದು. ಅಲ್ಲಿ ಕಾಯ್ದೆ ಹೇಳುವುದು 'ಕ್ಯಾನಬಿಸ್ ಗಿಡ' ಎಂದಷ್ಟೆ, ಆ ಕುಲದ ಯಾವುದೇ ಗಿಡ. ಗಂಡೋ ಹೆಣ್ಣೋ, ಹೂ ಬಿಟ್ಟಿದೆಯೋ ಇಲ್ಲವೋ ಕೇಳುವುದಿಲ್ಲ. ಕಲಂ 20ರಂತೆ 10 ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಒಂದು ಗಿಡಕ್ಕೂ ಎಕರೆ ಹೊಲಕ್ಕೂ ಗರಿಷ್ಠ ಶಿಕ್ಷೆ ಒಂದೇ. ಎಲೆ ನಿಷೇಧದ ಹೊರಗೆ, ಎಲೆ ಬಿಡುವ ಗಿಡ ಒಳಗೆ. ಪಾಳು ನಿವೇಶನದಲ್ಲಿ ಹಕ್ಕಿ ಉದುರಿಸಿದ ಬೀಜ ಮೊಳೆತರೆ 'ನಾನು ಬೆಳೆದದ್ದಲ್ಲ' ಎನ್ನಬಹುದು. ಕುಂಡಕ್ಕೆ ಆ ಮಾತು ನಡೆಯುವುದು ಕಷ್ಟ. ಮಣ್ಣು ತುಂಬಿಸಿ, ದಿನವೂ ನೀರೆರೆದ ಕೈಯೇ ಸಾಕ್ಷಿ. ಆರೋಪಿಯ ಮನಸ್ಸಿನಲ್ಲಿ ಅಪರಾಧದ ಉದ್ದೇಶ ಇತ್ತೆಂದೇ ನ್ಯಾಯಾಲಯ ಮೊದಲು ಭಾವಿಸಬೇಕು, ಇಲ್ಲವೆಂದು ತೋರಿಸುವ ಹೊಣೆ ಆರೋಪಿಯದು ಎನ್ನುತ್ತದೆ ಕಲಂ 35.

2023ರ ಜೂನ್‌ನಲ್ಲಿ ನೆರೆಯ ಶಿವಮೊಗ್ಗದಲ್ಲಿ ಬಾಡಿಗೆ ಮನೆಯೊಳಗೆ ಕೃತಕ ಬೆಳಕಿನಲ್ಲಿ ಗಾಂಜಾ ಬೆಳೆಸುತ್ತಿದ್ದ ಆರೋಪದ ಮೇಲೆ ವೈದ್ಯಕೀಯ ವಿದ್ಯಾರ್ಥಿಗಳು ಬಂಧಿತರಾದಾಗ ಜಿಲ್ಲೆಯೇ ಬೆರಗಾಗಿತ್ತು. ಅತ್ತ ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಭಕ್ತರಿಗೆ ಗಾಂಜಾ ಪ್ರಸಾದವಾಗಿ ಸಿಗುವ ಸುದ್ದಿಯನ್ನು 2020ರಲ್ಲಿ ಪತ್ರಿಕೆಗಳು ವರದಿ ಮಾಡಿದ್ದವು. ಮಾರುವವನು, ಬೆಳೆಯುವವನು, ಭಕ್ತ, ಮೂವರನ್ನೂ ಒಂದೇ ಕಾಯ್ದೆ ಅಳೆಯಬೇಕಾಗಿದೆ.

ಕಾಯ್ದೆಯ ಕಲಂ 14 ಮಾತ್ರ ಬೇರೆ ದಾರಿಯೊಂದನ್ನು ತೆರೆದಿಟ್ಟಿದೆ. ನಾರು, ಬೀಜ ಅಥವಾ ತೋಟಗಾರಿಕೆಯ ಉದ್ದೇಶಕ್ಕೆ ಸರ್ಕಾರ ಆದೇಶ ಹೊರಡಿಸಿ ಈ ಗಿಡ ಬೆಳೆಯಲು ಬಿಡಬಹುದು. ಉತ್ತರಾಖಂಡ 2018ರಲ್ಲಿ ನಾರಿನ ಕೃಷಿಗೆ ಪರವಾನಗಿ ಕೊಟ್ಟಿತು. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗ ಕ್ಯಾನಬಿಸ್ ಅನ್ನು ಅತಿ ಅಪಾಯಕಾರಿ ಪಟ್ಟಿಯಿಂದ ಕೈಬಿಡಲು 27-25 ಮತಗಳಿಂದ ನಿರ್ಧರಿಸಿದಾಗ, ಭಾರತ ಆ 27ರಲ್ಲಿ ಒಂದಾಗಿತ್ತು. ಮನೆಯ ಕುಂಡಕ್ಕೆ ಸಂಬಂಧಿಸಿದ ಕಲಂ 20 ಆ ಮತದಾನದಿಂದ ಕದಲಲಿಲ್ಲ.