ತಾಯಿಯ ಆಸ್ತಿ, ಮಗಳ ನಿರ್ಧಾರ: ನೆದರ್ಲೆಂಡ್ಸ್‌ನ ರಾಜಕುಮಾರಿ ಮರಿಯಾನ್ನೆ (1810–1883)

ಮರಿಯಾನ್ನೆಯ ಬದುಕನ್ನು ಗಂಡನನ್ನು ತೊರೆದು ಸಾರೋಟಿನ ಚಾಲಕನೊಡನೆ ಬಾಳಿದ ರಾಜಕುಮಾರಿಯ ಪ್ರಣಯಕಥೆಯೆಂದೇ ಹೇಳುವುದು ರೂಢಿ. ಹಾಗೆ ಹೇಳುವಾಗ ಮುಖ್ಯವಾದ ಪ್ರಶ್ನೆಯೊಂದು ಮರೆಯಾಗುತ್ತದೆ: ಎರಡು ಅರಮನೆಗಳ ಅಸಮ್ಮತಿಯನ್ನು ಎದುರಿಸಿ ನಿಲ್ಲುವ ಬಲ ಆಕೆಗೆ ಎಲ್ಲಿಂದ ಬಂತು? ಅದರ ಬಹುಪಾಲು ತಾಯಿಯ ಕಡೆಯಿಂದ ಬಂದ ಆಸ್ತಿಯಲ್ಲಿತ್ತು ಎಂಬುದು ನನ್ನ ವಾದ.

ನೆದರ್ಲೆಂಡ್ಸ್‌ನ ದೊರೆಯಾಗಲಿದ್ದ ಒಂದನೆಯ ವಿಲ್ಲೆಮ್ ಮತ್ತು ಪ್ರಷ್ಯಾದ ವಿಲ್ಹೆಲ್ಮಿನಾ ದಂಪತಿಯ ಮಗಳಾಗಿ ಆಕೆ 1810ರ ಮೇ 9ರಂದು ಬರ್ಲಿನ್‌ನಲ್ಲಿ ಹುಟ್ಟಿದಳು. ಸ್ವೀಡನ್ನಿನ ಪದಚ್ಯುತ ರಾಜನ ಮಗ ಗುಸ್ತಾವ್ ವಾಸಾನೊಂದಿಗೆ 1828ರಲ್ಲಿ ಆದ ನಿಶ್ಚಿತಾರ್ಥ ರಾಜಕೀಯದ ಒತ್ತಡದಲ್ಲಿ ಮುರಿದುಬಿತ್ತು. 1830ರ ಸೆಪ್ಟೆಂಬರ್ 14ರಂದು ಹೇಗ್‌ನಲ್ಲಿ ಸೋದರಮಾವನ ಮಗ, ಪ್ರಷ್ಯಾದ ರಾಜಕುಮಾರ ಆಲ್ಬ್ರೆಕ್ಟ್‌ನನ್ನು ಮದುವೆಯಾದಳು. ಬೆಲ್ಜಿಯಂ ದಂಗೆಯೆದ್ದು ತಂದೆಯ ರಾಜ್ಯ ಒಡೆಯುತ್ತಿದ್ದ ದಿನಗಳವು.

ಶಾರ್ಲೊಟ್, ಆಲ್ಬ್ರೆಕ್ಟ್, ಅಲೆಕ್ಸಾಂಡ್ರಿನಾ ಎಂಬ ಮೂವರು ಮಕ್ಕಳು ಉಳಿದರು, ದಾಂಪತ್ಯ ಉಳಿಯಲಿಲ್ಲ. 1845ರಲ್ಲಿ ಆಕೆ ಗಂಡನಿಂದ ದೂರವಾದಳು. 1849ರ ಮಾರ್ಚ್ 28ರಂದು ವಿಚ್ಛೇದನವಾಯಿತು. ಅಣ್ಣ, ದೊರೆ ಎರಡನೆಯ ವಿಲ್ಲೆಮ್, ತೀರಿಕೊಂಡು ಆಗ ಹನ್ನೊಂದೇ ದಿನ. ಅದೇ ವರ್ಷದ ಅಕ್ಟೋಬರ್ 30ರಂದು ಸಿಸಿಲಿಯ ಚೆಫಲೂ ಪಟ್ಟಣದಲ್ಲಿ ಆಕೆಗೂ ಸಾರೋಟಿನ ಚಾಲಕ ಯೊಹಾನ್ನೆಸ್ ವಾನ್ ರೊಸ್ಸುಮ್‌ಗೂ ಗಂಡುಮಗು ಹುಟ್ಟಿತು.

ಪ್ರಷ್ಯಾದ ಆಸ್ಥಾನ ಇದನ್ನು ಕ್ಷಮಿಸಲಿಲ್ಲ. ಆ ನೆಲದಲ್ಲಿ ಒಮ್ಮೆಗೆ 24 ಗಂಟೆಗಿಂತ ಹೆಚ್ಚು ತಂಗಕೂಡದೆಂದು ಆಕೆಗೆ ಕಟ್ಟಪ್ಪಣೆಯಾಯಿತು. ಆದರೆ ಅದೇ ನೆಲದ ಸೈಲೀಷಿಯಾದಲ್ಲಿದ್ದ ಕಾಮೆಂಟ್ಸ್ ಜಹಗೀರು ತಾಯಿಯಿಂದ ಬಂದ ಸ್ವಂತ ಆಸ್ತಿ. ಅಲ್ಲಿ ವಾಸ್ತುಶಿಲ್ಪಿ ಶಿಂಕೆಲ್‌ನ ನಕ್ಷೆಯಂತೆ ಆಕೆ 1838ರಲ್ಲಿ ಆರಂಭಿಸಿದ್ದ ಅರಮನೆಯ ಕೆಲಸ ಇನ್ನೂ ನಡೆದಿತ್ತು. ಆಕೆ ಕಂಡುಕೊಂಡ ದಾರಿ ಸರಳ: ಗಡಿಯಾಚೆ, ಆಸ್ಟ್ರಿಯಾದ ಆಡಳಿತದಲ್ಲಿದ್ದ ವೈಸ್‌ವಾಸರ್‌ನಲ್ಲಿ ಮನೆ ಕೊಂಡಳು. ಅಲ್ಲಿದ್ದುಕೊಂಡೇ ಜಹಗೀರಿನ ವ್ಯವಹಾರ ನೋಡಿಕೊಂಡಳು. ಅರಮನೆ 1872ರಲ್ಲಿ ಮುಗಿಯಿತು. ಗಡಿಯಂಚಿನ ಆ ಮನೆ ಆಕೆಯ ವ್ಯವಹಾರಜ್ಞಾನಕ್ಕೆ ಯಾವ ಪತ್ರಕ್ಕಿಂತಲೂ ಗಟ್ಟಿಯಾದ ಸಾಕ್ಷಿ ಎಂದು ನಾನು ಭಾವಿಸುತ್ತೇನೆ.

ಸ್ಥಾನಮಾನದಲ್ಲಿ ಕೆಳಗಿನವರೊಡನೆ ಸಂಬಂಧ ಬೆಳೆಸಿದ್ದು ಈ ಕುಟುಂಬದಲ್ಲಿ ಆಕೆಯೊಬ್ಬಳೇ ಅಲ್ಲ. ತಂದೆ 1840ರಲ್ಲಿ ಸಿಂಹಾಸನ ಬಿಟ್ಟು, ಮರುವರ್ಷ ಬೆಲ್ಜಿಯಂ ಮೂಲದ ಕ್ಯಾಥೊಲಿಕ್ ಮಹಿಳೆ ಹೆನ್ರಿಯೆಟ್ಟೆಯನ್ನು ವರಿಸಿದ್ದ. ಆಲ್ಬ್ರೆಕ್ಟ್ ಕೂಡ 1853ರಲ್ಲಿ ರೊಸಾಲಿ ಫೊನ್ ರೌಖ್‌ಳನ್ನು ಮದುವೆಯಾದ. ಆ ಎರಡೂ ಮದುವೆಗಳು ಅಸಮಾಧಾನ ಹುಟ್ಟಿಸಿದವು, ನಿಜ. ಆದರೂ ಅವಕ್ಕೆ ಮದುವೆಯೆಂಬ ಹೆಸರಿತ್ತು. ಮರಿಯಾನ್ನೆಯ ಬಾಳುವೆಗೆ ಅದೂ ಇರಲಿಲ್ಲ.

1855ರಲ್ಲಿ ಆಕೆ ರೈನ್ ದಂಡೆಯ ಎರ್ಬಾಖ್‌ನಲ್ಲಿ ರೈನ್‌ಹಾರ್ಟ್ಸ್‌ಹೌಸೆನ್ ಬಂಗಲೆಯನ್ನು ಕೊಂಡು ಚಿತ್ರಸಂಗ್ರಹಕ್ಕೆ ನೆಲೆ ಮಾಡಿದಳು. ಹಿರಿಯ ಮಗಳು ಶಾರ್ಲೊಟ್ ಹೆರಿಗೆಯಲ್ಲಿ ತೀರಿಕೊಂಡದ್ದೂ ಅದೇ ವರ್ಷ. ಚೆಫಲೂವಿನಲ್ಲಿ ಹುಟ್ಟಿದ ಮಗ 1861ರ ಕ್ರಿಸ್‌ಮಸ್ ಹೊತ್ತಿಗೆ, ಹನ್ನೆರಡನೆಯ ವಯಸ್ಸಿನಲ್ಲಿ, ಕಣ್ಮುಚ್ಚಿದ. ಅವನ ನೆನಪಿಗೆ ಆಕೆ ಜಾಗವನ್ನೂ 60,000 ಗುಲ್ಡನ್ ಹಣವನ್ನೂ ಕೊಟ್ಟು ಎರ್ಬಾಖ್‌ನ ಪ್ರಾಟೆಸ್ಟೆಂಟರಿಗೆ ಚರ್ಚು ಕಟ್ಟಿಸಿದಳು. ಅದರ ಪ್ರತಿಷ್ಠೆ 1865ರಲ್ಲಿ ನಡೆಯಿತು.

ವಾನ್ ರೊಸ್ಸುಮ್ 1873ರಲ್ಲಿ ತೀರಿಕೊಂಡ. ಮರಿಯಾನ್ನೆ 1883ರ ಮೇ 29ರಂದು. ಎರ್ಬಾಖ್‌ನ ಸ್ಮಶಾನದಲ್ಲಿ ಆಕೆಯನ್ನು ಅವನ ಪಕ್ಕದಲ್ಲೇ ಹೂಳಿದರು.