ಲ್ಯಾಪ್‌ಟಾಪ್ ಚಾಲನೆಗೊಳ್ಳದಿದ್ದಲ್ಲಿ ಅರ್ಜಿದಾರರು ಅನುಸರಿಸಬೇಕಾದ ಪರಿಶೀಲನಾ ಕ್ರಮ

(ಕೊಡಗು ಜಿಲ್ಲೆಯ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ವಿದ್ಯಾರ್ಥಿವೇತನ, ಪಿಂಚಣಿ ಮುಂತಾದ ಸೇವೆಗಳಿಗೆ ಸಾರ್ವಜನಿಕರು ಮನೆಯಿಂದಲೇ ಅರ್ಜಿ ಸಲ್ಲಿಸಲು ಅವಕಾಶವಿರುತ್ತದೆ. ಕೊನೆಯ ದಿನಾಂಕ ಸಮೀಪಿಸಿರುವಾಗ ಲ್ಯಾಪ್‌ಟಾಪ್ ಚಾಲನೆಗೊಳ್ಳದಿದ್ದಲ್ಲಿ ಅದರಲ್ಲಿನ ದಾಖಲೆಗಳೂ ನಾಶವಾದವೆಂಬ ಆತಂಕ ಸಹಜ. ಆದರೆ ವಿದ್ಯುತ್ ಭಾಗದ ದೋಷವೇ ಬೇರೆ, ದಾಖಲೆಗಳ ನಾಶವೇ ಬೇರೆ. ಆದುದರಿಂದ ಆತುರಪಡದೆ ಕೆಳಕಂಡ ಕ್ರಮವನ್ನು ಅನುಸರಿಸತಕ್ಕದ್ದು.

2. ಜಿಲ್ಲೆಯ ಹವಾಮಾನ ಮತ್ತು ದೋಷದ ಕಾರಣಗಳು

ಏಪ್ರಿಲ್–ಮೇ ತಿಂಗಳುಗಳ ಗುಡುಗು ಸಿಡಿಲು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಮರ ಹಾಗೂ ಕೊಂಬೆಗಳು ತಂತಿಯ ಮೇಲೆ ಬಿದ್ದು ಆಗುವ ವಿದ್ಯುತ್ ವ್ಯತ್ಯಯ, ಸರಬರಾಜು ಪುನರಾರಂಭವಾಗುವಾಗಿನ ವೋಲ್ಟೇಜ್ ಏರಿಳಿತ ಮತ್ತು ಮನೆಯೊಳಗಿನ ತೇವಾಂಶ, ಇವುಗಳಿಂದ ಅಡಾಪ್ಟರ್ (ಚಾರ್ಜರ್) ಹಾಗೂ ಒಳಗಿನ ಬಿಡಿಭಾಗಗಳು ದುರ್ಬಲಗೊಳ್ಳುವ ಸಂಭವವಿರುತ್ತದೆ.

3. ಪರಿಶೀಲನಾ ಕ್ರಮ

ಅ) ಪ್ಲಗ್ ಪಾಯಿಂಟ್: ಅದೇ ಪಾಯಿಂಟ್‌ಗೆ ಮೊಬೈಲ್ ಚಾರ್ಜರ್ ಅಥವಾ ಟೇಬಲ್ ಲ್ಯಾಂಪ್ ಜೋಡಿಸಿ ನೋಡುವುದು. ಇನ್ವರ್ಟರ್ ಇರುವ ಮನೆಗಳಲ್ಲಿ ಕೆಲವು ಪಾಯಿಂಟ್‌ಗಳಿಗೆ ಮಾತ್ರ ಅದರ ಸಂಪರ್ಕವಿರುವುದನ್ನು ಗಮನಿಸುವುದು.

ಆ) ಅಡಾಪ್ಟರ್: ಅದರ ಮೇಲಿನ ದೀಪ, ವೈರು ಹಾಗೂ ಪಿನ್ ಪರಿಶೀಲಿಸುವುದು. ವೈರು ಸುಟ್ಟ ವಾಸನೆ ಬಂದಲ್ಲಿ ಬಳಸಬಾರದು. ಬದಲಿ ಅಡಾಪ್ಟರ್‌ನ ವೋಲ್ಟೇಜ್ ಮೂಲ ಅಡಾಪ್ಟರ್‌ನಷ್ಟೇ ಇರತಕ್ಕದ್ದು. ವ್ಯಾಟ್ ಪ್ರಮಾಣ ಕಡಿಮೆ ಇರಕೂಡದು. ಟೈಪ್-ಸಿ ಪಿನ್ ಇದ್ದರೂ ಸಾಮಾನ್ಯ ಮೊಬೈಲ್ ಚಾರ್ಜರ್‌ನ ಶಕ್ತಿ ಲ್ಯಾಪ್‌ಟಾಪ್‌ಗೆ ಸಾಲದೇ ಇರಬಹುದು.

ಇ) ಉಳಿಕೆ ವಿದ್ಯುತ್: ಅಡಾಪ್ಟರ್ ಬೇರ್ಪಡಿಸಿ, ಬ್ಯಾಟರಿ ತೆಗೆಯಬಹುದಾದ ಮಾದರಿಯಾಗಿದ್ದಲ್ಲಿ ಅದನ್ನೂ ತೆಗೆದು, ಪವರ್ ಬಟನ್ ಅನ್ನು ಸುಮಾರು 30 ಸೆಕೆಂಡು ಒತ್ತಿ ಹಿಡಿಯುವುದು. ನಂತರ ಅಡಾಪ್ಟರ್ ಮಾತ್ರ ಜೋಡಿಸಿ ಚಾಲನೆ ಮಾಡುವುದು. ಆಗ ಚಾಲನೆಗೊಂಡಲ್ಲಿ ಬ್ಯಾಟರಿಯನ್ನು ಪರೀಕ್ಷಿಸಬೇಕಾಗುತ್ತದೆ.

ಈ) ಪರದೆ: ಫ್ಯಾನಿನ ಸದ್ದು ಕೇಳಿಸಿ ಅಥವಾ ದೀಪ ಉರಿದು ಪರದೆ ಮಾತ್ರ ಕಪ್ಪಾಗಿದ್ದಲ್ಲಿ, ದೋಷವು ವಿದ್ಯುತ್ತಿನದಾಗಿರದೆ ಪರದೆ ಅಥವಾ ಮೆಮೊರಿಯದಾಗಿರಬಹುದು. ಟಾರ್ಚ್ ಬೆಳಕಿನಲ್ಲಿ ಪರದೆಯನ್ನು ನೋಡುವುದು, ಟಿ.ವಿ. ಅಥವಾ ಬೇರೆ ಮಾನಿಟರ್‌ಗೆ ಜೋಡಿಸುವುದು.

ಉ) ಬೀಪ್ ಸದ್ದು ಅಥವಾ ದೀಪದ ಮಿನುಗು ಎಷ್ಟು ಬಾರಿ ಎಂಬುದನ್ನು ಬರೆದಿಟ್ಟುಕೊಂಡು ದುರಸ್ತಿಗಾರರಿಗೆ ತಿಳಿಸುವುದು. ಅದು ತಯಾರಕರು ನಿಗದಿಪಡಿಸಿದ ದೋಷ ಸಂಕೇತವಾಗಿರುತ್ತದೆ.

ವಾರಂಟಿ ಅವಧಿಯಲ್ಲಿರುವ ಉಪಕರಣವನ್ನು ಸ್ವತಃ ಬಿಚ್ಚಬಾರದು.

4. ನೀರು ತಗುಲಿದಲ್ಲಿ ಹಾಗೂ ಬ್ಯಾಟರಿ ಉಬ್ಬಿದಲ್ಲಿ

2018ರ ಆಗಸ್ಟ್‌ನಲ್ಲಿ ಜಿಲ್ಲೆಯಲ್ಲಿ ಸಂಭವಿಸಿದ ಪ್ರವಾಹ ಮತ್ತು ಭೂಕುಸಿತದಂತಹ ಸಂದರ್ಭದಲ್ಲಾಗಲಿ, ಸೋರುವ ಮಾಡಿನಿಂದಾಗಲಿ ನೀರು ತಗುಲಿದ ಲ್ಯಾಪ್‌ಟಾಪ್ ಅನ್ನು ಪರೀಕ್ಷಾರ್ಥವಾಗಿಯೂ ಚಾಲನೆ ಮಾಡಬಾರದು, ಚಾರ್ಜ್‌ಗೆ ಹಾಕಬಾರದು. ನೀರಿಗಿಂತ ನೀರಿರುವಾಗ ಹರಿಯುವ ವಿದ್ಯುತ್ತೇ ಹೆಚ್ಚಿನ ಹಾನಿ ಮಾಡುತ್ತದೆ. ಒಲೆಯ ಮೇಲ್ಭಾಗದಲ್ಲಿರಿಸಿ ಒಣಗಿಸುವುದರಿಂದ ಬ್ಯಾಟರಿಗೆ ಅಪಾಯವಿದ್ದು, ಅಕ್ಕಿಯಲ್ಲಿ ಹುದುಗಿಸುವುದರಿಂದ ಒಳಗಿನ ನೀರು ಹೋಗುವುದಿಲ್ಲ. ಬ್ಯಾಟರಿ ಉಬ್ಬಿ ಕೀಬೋರ್ಡ್ ಭಾಗ ಮೇಲೆದ್ದಿದ್ದಲ್ಲಿ ಒತ್ತುವುದು, ಚುಚ್ಚುವುದು ಮಾಡದೆ, ಬಳಕೆ ನಿಲ್ಲಿಸಿ ಸೇವಾ ಕೇಂದ್ರಕ್ಕೆ ತಲುಪಿಸುವುದು.

5. ದಾಖಲೆಗಳ ರಕ್ಷಣೆ

ದಾಖಲೆಗಳು ಹಾರ್ಡ್ ಡಿಸ್ಕ್ ಅಥವಾ ಎಸ್.ಎಸ್.ಡಿ. ಭಾಗದಲ್ಲಿ ಸಂಗ್ರಹವಾಗಿರುತ್ತವೆ. ಬಹುತೇಕ ಮಾದರಿಗಳಲ್ಲಿ ಇದನ್ನು ಹೊರತೆಗೆದು ಬೇರೆ ಕಂಪ್ಯೂಟರ್‌ಗೆ ಜೋಡಿಸಿ ಓದಬಹುದಾಗಿದೆ. ಬಿಟ್‌ಲಾಕರ್ ರಕ್ಷಣೆ ಇದ್ದಲ್ಲಿ 48 ಅಂಕಿಗಳ ಮರುಪಡೆಯುವಿಕೆ ಕೀ ಅವಶ್ಯಕ. ದುರಸ್ತಿಗೆ ನೀಡುವಾಗ ಮಾಲೀಕರ ಅನುಮತಿಯಿಲ್ಲದೆ ಫಾರ್ಮ್ಯಾಟ್ ಮಾಡಬಾರದೆಂದು ರಸೀದಿಯಲ್ಲಿಯೇ ಬರೆಸಿಕೊಳ್ಳುವುದು ಸೂಕ್ತ.

6. ಅರ್ಜಿ ಸಲ್ಲಿಕೆಗೆ ಪರ್ಯಾಯ ವ್ಯವಸ್ಥೆ

ಸೇವಾ ಸಿಂಧು ಪೋರ್ಟಲ್‌ನಲ್ಲಿ ಈಗಾಗಲೇ ಸಲ್ಲಿಸಲಾದ ಅರ್ಜಿಯು ಸರ್ಕಾರದ ಸರ್ವರ್‌ನಲ್ಲಿರುವುದರಿಂದ ಲ್ಯಾಪ್‌ಟಾಪ್ ಕೆಟ್ಟ ಕಾರಣಕ್ಕೆ ರದ್ದಾಗುವುದಿಲ್ಲ. ಅರ್ಜಿ ಸಂಖ್ಯೆಯ ಮೂಲಕ ಮೊಬೈಲ್‌ನಲ್ಲಿಯೇ ಸ್ಥಿತಿಯನ್ನು ತಿಳಿಯಬಹುದು. ಅರ್ಜಿ ಸಲ್ಲಿಸಬೇಕಾಗಿರುವವರು ದುರಸ್ತಿಗಾಗಿ ಕಾಯದೆ ಗ್ರಾಮ ಒನ್ ಕೇಂದ್ರವನ್ನಾಗಲಿ, ಕಂದಾಯ ಇಲಾಖೆಯ ಪ್ರಮಾಣ ಪತ್ರಗಳಿಗಾಗಿ ಹೋಬಳಿಯ ನಾಡಕಚೇರಿಯನ್ನಾಗಲಿ ಸಂಪರ್ಕಿಸಬಹುದು. ಡಿಜಿಲಾಕರ್ ಖಾತೆಯಲ್ಲಿರುವ ದಾಖಲೆಗಳನ್ನು ಮೊಬೈಲ್‌ನಿಂದಲೂ ಪಡೆಯಬಹುದಾಗಿದೆ.

7. ದೂರು ಮತ್ತು ವಿಲೇವಾರಿ

ವಿದ್ಯುತ್ ಸರಬರಾಜಿನ ದೂರುಗಳಿಗೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಸಹಾಯವಾಣಿ 1912 ಹಾಗೂ ವಾರಂಟಿ ನಿರಾಕರಣೆಯಂತಹ ದೂರುಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಅನ್ವಯ ಹಳೆಯ ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ವಿಲೇವಾರಿ ಮಾಡತಕ್ಕದ್ದು.

8. ಮುನ್ನೆಚ್ಚರಿಕೆ

ಸಿಡಿಲಿನ ಸಮಯಕ್ಕೆ ಮುಂಚಿತವಾಗಿ ಪ್ಲಗ್ ತೆಗೆದಿಡುವುದು, ದಾಖಲೆಗಳ ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಇರಿಸಿಕೊಳ್ಳುವುದು ಮತ್ತು ಕೊನೆಯ ದಿನದವರೆಗೆ ಕಾಯದೆ ಅರ್ಜಿ ಸಲ್ಲಿಸುವುದು ಅರ್ಜಿದಾರರ ಹಿತದೃಷ್ಟಿಯಿಂದ ಅವಶ್ಯಕವಾಗಿರುತ್ತದೆ.