ರೇಂಜ್ ರೋವರಿನ ದೀಪಗಳು ಮತ್ತು ಕಪ್ಪು ತಂತಿ

ಬ್ರಿಟನ್ನಿನ ರೋವರ್ ಕಂಪನಿ 1970ರ ಜೂನ್‌ನಲ್ಲಿ ರೇಂಜ್ ರೋವರ್ ಗಾಡಿಯನ್ನು ಹೊರತಂದಿತು. ಸಿರಿವಂತರ ಗಾಡಿ ಎಂದೇ ನಾವೆಲ್ಲ ತಿಳಿದಿರುವ ಇದರ ಮೊದಲ ಮಾದರಿಯಲ್ಲಿ ಚರ್ಮದ ಸೀಟು ಇರಲಿಲ್ಲ. ಹೊಲದ ಕೆಸರನ್ನು ನೀರು ಹಾಕಿ ತೊಳೆಯಬಹುದಾದ ಒಳಾಂಗಣ ಅದರದು! ಆದರೆ 3.5 ಲೀಟರಿನ ವಿ8 ಎಂಜಿನ್, ನಾಲ್ಕೂ ಚಕ್ರಗಳಿಗೆ ಸದಾ ಶಕ್ತಿ, ಕಾಯಿಲ್ ಸ್ಪ್ರಿಂಗ್ ಎಲ್ಲವೂ ಇದ್ದವು. ನಾಲ್ಕು ಬಾಗಿಲು ಬಂದದ್ದು 1981ರಲ್ಲಿ, ವೈಭೋಗ ಬೆಳೆದದ್ದು ಆಮೇಲೆ. ಈ ಹಳೆಯ ಮಾದರಿಯ ತಯಾರಿಕೆ 1996ರಲ್ಲಿ ನಿಂತಿತು. 2008ರಲ್ಲಿ ಕಂಪನಿ ನಮ್ಮ ಟಾಟಾ ಅವರ ಪಾಲಾಯಿತು.

ಹಳೆಯ ಗಾಡಿಗಳನ್ನು ಮತ್ತೆ ಹೊಸದಾಗಿಸುವ ಹುಚ್ಚು ಈಗ ಎಷ್ಟಿದೆಯೆಂದರೆ, 2017ರಿಂದ ಕಂಪನಿಯೇ ಆ ಕೆಲಸಕ್ಕೆ ಇಳಿಯಿತು. ಎಂಜಿನ್, ಬಣ್ಣ ಇವೆಲ್ಲ ಹಣ ಕೊಟ್ಟರೆ ಆಗುತ್ತವೆ. ತಲೆ ತಿನ್ನುವುದು ವಿದ್ಯುತ್ತು. ಬ್ರಿಟಿಷ್ ಕಾರುಗಳಿಗೆ ದೀಪ, ಸ್ವಿಚ್ಚು ಒದಗಿಸುತ್ತಿದ್ದ ಲೂಕಾಸ್ ಕಂಪನಿಗೆ 'ಕತ್ತಲೆಯ ರಾಜಕುಮಾರ' ಎಂದೇ ಅಡ್ಡಹೆಸರು. ತಮಿಳುನಾಡಿನಲ್ಲಿರುವ ನಮಗೆ ಈ ಹೆಸರು ಹೊಸದಲ್ಲ. ಲೂಕಾಸ್-ಟಿವಿಎಸ್ 1961ರಲ್ಲಿ ಇಲ್ಲೇ ಶುರುವಾಯಿತಲ್ಲವೇ?

ಆ ಅಡ್ಡಹೆಸರಿನಲ್ಲಿ ಅರ್ಧ ಅನ್ಯಾಯವಿದೆ ಎಂಬುದು ನಮ್ಮ ಅಭಿಪ್ರಾಯ. ವಿದ್ಯುತ್ತು ಹೋದರೆ ಸಾಲದು, ಮರಳಿಯೂ ಬರಬೇಕು ಎಂದು ತರಗತಿಯಲ್ಲಿ ಹೇಳಿಕೊಡುತ್ತೇವೆ. ಕಾರಿನಲ್ಲಿ ಮರಳುವ ದಾರಿ ಅದರ ಲೋಹದ ಮೈ, ಅಂದರೆ ಅರ್ಥ್. ರೇಂಜ್ ರೋವರಿನದು ಉಕ್ಕಿನ ಚೌಕಟ್ಟು, ಹೊರಹೊದಿಕೆ ಬಹುಪಾಲು ಅಲ್ಯೂಮಿನಿಯಂ. ಈ ಎರಡು ಲೋಹ ಸೇರುವಲ್ಲಿ ಮಳೆನೀರು ನಿಂತರೆ ಸಣ್ಣ ಬ್ಯಾಟರಿಯಂತಾಗಿ ಅಲ್ಯೂಮಿನಿಯಂ ಬಿಳಿಪುಡಿಯಾಗುತ್ತದೆ. ದಾರಿ ಕಟ್ಟಿತು!

ಆಗ ವಿಚಿತ್ರಗಳು ಶುರು. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತದೆ. ನೇರ ದಾರಿ ಸಿಗದ ವಿದ್ಯುತ್ತು ಪಕ್ಕದ ಬಲ್ಬಿನ ತಂತುವಿನ ಮೂಲಕ ಹಿಂದಕ್ಕೆ ನುಗ್ಗಿರುತ್ತದೆ. ಬಲ್ಬು ತೆಗೆದು ಮೀಟರ್ ಹಿಡಿದರೆ 12 ವೋಲ್ಟ್ ಸರಿಯಾಗಿಯೇ ತೋರಿಸುತ್ತದೆ, ಏಕೆಂದರೆ ಮೀಟರ್ ಎಳೆಯುವ ವಿದ್ಯುತ್ತು ಅತ್ಯಲ್ಪ. ದೀಪ ಹಚ್ಚಿಯೇ, ಅದರ ಅರ್ಥ್ ತುದಿಗೂ ಬ್ಯಾಟರಿಯ ಋಣ ತುದಿಗೂ ನಡುವೆ ಅಳೆಯಬೇಕು. ಸೊನ್ನೆಯ ಹತ್ತಿರ ಇರಬೇಕಾದದ್ದು ನಾಲ್ಕೈದು ವೋಲ್ಟ್ ತೋರಿಸಿದರೆ ಕಳ್ಳ ಸಿಕ್ಕಿದ. ಉಜ್ಜಲು ಮರಳುಕಾಗದ ಸಾಕು.

ಇನ್ನೊಂದು ಕಾರಣ ಮನುಷ್ಯರದೇ. ಬ್ರಿಟಿಷರ ತಂತಿಗಳಿಗೆ ಬಣ್ಣದ ಲಿಪಿಯಿತ್ತು: ಕಂದು ಎಂದರೆ ಬ್ಯಾಟರಿಯಿಂದ ನೇರ, ಬಿಳಿ ಎಂದರೆ ಕೀಲಿ ತಿರುಗಿಸಿದಾಗ ಮಾತ್ರ, ಹಸಿರು ಎಂದರೆ ಅದೇ ಫ್ಯೂಸ್ ದಾಟಿ ಬಂದದ್ದು, ಕೆಂಪು ಪಕ್ಕದೀಪ, ನೀಲಿ ಹೆಡ್‌ಲೈಟು, ಕಪ್ಪು ಅರ್ಥ್. ಲಿಪಿ ಬಲ್ಲವನಿಗೆ ಗಾಡಿ ತೆರೆದ ಪುಸ್ತಕ. ನಡುವೆ ಬಂದ ಮೆಕ್ಯಾನಿಕ್ಕುಗಳು ಕೈಗೆ ಸಿಕ್ಕ ಕೆಂಪು ತಂತಿಯನ್ನೇ ಎಲ್ಲೆಡೆ ಹೊಸೆದು ಟೇಪು ಸುತ್ತಿದರೆ ಅಂದಿನ ದೀಪವೇನೋ ಉರಿಯುತ್ತದೆ, ಓದುವುದು ಮಾತ್ರ ಕೈತಪ್ಪುತ್ತದೆ. ಹಾಗಾಗಿ ಒಳ್ಳೆಯ ದುರಸ್ತಿಗಾರರು ಯಾವ ತಂತಿಯಾದರೂ ನಡೆಯುವ ಕಡೆಯಲ್ಲೂ ಹಳೆಯ ಬಣ್ಣದ್ದನ್ನೇ ಹುಡುಕಿ ಹಾಕುತ್ತಾರೆ. ಗಾಡಿ ಓಡಿಸುವವನಿಗೆ ಅದು ಕಾಣುವುದೂ ಇಲ್ಲ. ಮುಂದೆಂದೋ ಡ್ಯಾಶ್‌ಬೋರ್ಡ್ ಬಿಚ್ಚುವವನಿಗೆ ಕಾಣುತ್ತದೆ.